ಸೀನನಿಗೆ, ಒಬ್ಬ ಜನರಲ್ ನೆಪದಲ್ಲಿ

ಸೀನ,

ಹೇಗಿದ್ದೀಯ ಅಂತ ಕೇಳುವುದಿಲ್ಲ, ಮೊನ್ನೆ ಹಾಕಿದ ಫೋಟೋದಲ್ಲಿ ಹೊಟ್ಟೆ ನೋಡಿದೆ. ಹಳದಿ ಛತ್ರಿ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಜಾಗ ಇದು.

ಈಚೆಗೆ ಒಬ್ಬ ಫ್ರೆಂಚ್ ಜನರಲ್ ನನ್ನ ತಲೆ ತಿನ್ನುತ್ತಿದ್ದಾನೆ. ಜಾರ್ಜ್ ಬೂಲಾಂಜೆ ಅಂತ. 1886ರಲ್ಲಿ ಯುದ್ಧ ಮಂತ್ರಿಯಾದ. ಆ ಜುಲೈ 14ರ ಕವಾಯತಿಗೆ ಟ್ಯೂನಿಸ್ ಎಂಬ ಕಪ್ಪು ಕುದುರೆ ಏರಿ ಬಂದ. ಪ್ಯಾರಿಸ್ ಮರುಳಾಯಿತು. ಮರುವರ್ಷ ಸರ್ಕಾರ ಅವನನ್ನು ಕ್ಲೆರ್ಮೋಂ-ಫೆರಾಂಗೆ ಸಾಗಹಾಕಿದಾಗ, ಹೋಗಬೇಡ ಅಂತ ಜನ ರೈಲು ಹಳಿ ಮೇಲೆ ಮಲಗಿದರು. ನನ್ನ ಟ್ರಾನ್ಸ್‌ಫರ್ ಆದಾಗ ಆಫೀಸಿನವರು ಕೇಕ್ ತಂದಿದ್ದರು, ನೆನಪಿದೆಯಾ? ಸ್ವಲ್ಪ ಜಾಸ್ತಿಯೇ ಖುಷಿಯಾಗಿದ್ದರು.

ಅವನಲ್ಲಿ ಅಂಥದ್ದೇನಿತ್ತು? 1871ರಲ್ಲಿ ಪ್ಯಾರಿಸ್ ಕಮ್ಯೂನನ್ನು, ಅಂದರೆ ಅಲ್ಲಿನ ಕಾರ್ಮಿಕರ ದಂಗೆಯನ್ನು, ಅಡಗಿಸಿದ ಸೈನ್ಯದಲ್ಲಿ ಇವನೂ ಇದ್ದ. ಅದೇ ಮನುಷ್ಯ, ಡೆಕಾಜ್ವಿಲ್ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ನಮ್ಮ ಸೈನಿಕರು ಈಗ ಅವರ ಜೊತೆ ಸೂಪು, ಬ್ರೆಡ್ಡು ಹಂಚಿಕೊಂಡು ತಿನ್ನುತ್ತಿರಬಹುದು ಅಂದ. ಎಡದವರು ಕರಗಿಹೋದರು. ಇತ್ತ ನೆಪೋಲಿಯನ್ ವಂಶದ ರಾಜಕುಮಾರನನ್ನು ಸ್ವಿಟ್ಜರ್ಲೆಂಡಿನಲ್ಲಿ ಗುಟ್ಟಾಗಿ ಕಂಡ. ರಾಜನೇ ಮರಳಿ ಬರಲಿ ಎನ್ನುತ್ತಿದ್ದ ಉಜೆಸ್‌ನ ಡಚೆಸ್ ಹತ್ತಿರ 30 ಲಕ್ಷ ಫ್ರಾಂಕ್ ತೆಗೆದುಕೊಂಡ. ಎಲ್ಲರಿಗೂ ಇವನು ನಮ್ಮವನೇ.

1889ರ ಜನವರಿ 27ರಂದು ಪ್ಯಾರಿಸ್ ಚುನಾವಣೆಯಲ್ಲಿ 80 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದ. ಹೊರಗೆ ಜನಸಾಗರ. ಈಗಲೇ ಅಧಿಕಾರ ಹಿಡಿ ಅಂತ ಜೊತೆಯವರು ದುಂಬಾಲು ಬಿದ್ದರು. ಹಿಡಿಯಲಿಲ್ಲ. ಬಂಧಿಸುತ್ತಾರೆ ಅಂತ ಹೆದರಿ ಬ್ರಸೆಲ್ಸ್‌ಗೆ ಓಡಿದ. ಏಪ್ರಿಲ್ 1ಕ್ಕೆ. ತಾರೀಕು ನಾನು ಹೊಂದಿಸಿದ್ದಲ್ಲ ಮಾರಾಯ. 1891ರ ಜುಲೈನಲ್ಲಿ ಪ್ರೇಯಸಿ ಮಾರ್ಗರೀತ್ ಕ್ಷಯದಿಂದ ತೀರಿಕೊಂಡಳು. ಸೆಪ್ಟೆಂಬರ್ 30ರಂದು ಅವಳ ಸಮಾಧಿಯ ಮುಂದೆ ಗುಂಡು ಹೊಡೆದುಕೊಂಡ.

ಎಲ್ಲರೂ ಇದನ್ನು ಪ್ರೇಮಕಥೆ ಮಾಡುತ್ತಾರೆ. ನನ್ನನ್ನು ಕಾಡುತ್ತಿರುವುದು ಆ ಜನವರಿಯ ರಾತ್ರಿ. ಅಷ್ಟು ಜನ ಬಾಗಿಲಿಗೆ ಬಂದಾಗ, ತನಗೇನು ಬೇಕು ಅನ್ನುವುದೇ ಅವನಿಗೆ ತಿಳಿದಿರಲಿಲ್ಲವೇನೋ.

ನಮ್ಮ ಗುಂಪಿನಲ್ಲಿ ನಾನು ಎಲ್ಲರಿಗೂ ಬೇಕಾದವನು, ಅಲ್ವಾ? ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಅಂತ ನೀನು ಅಂದಾಗ ಸರಿ ಅಂದೆ. ಬೇಡ ಅಂತ ಹೇಳಪ್ಪಾ ಅವನಿಗೆ ಅಂತ ನಿಮ್ಮ ತಂದೆ ಅಂದಾಗ ಅವರಿಗೂ ಸರಿ ಅಂದೆ. ಸುಳ್ಳು ಹೇಳಲಿಲ್ಲ ಕಣೋ. ಎರಡು ಸಲವೂ ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು. ಎದುರಿಗೆ ಯಾರೂ ಇಲ್ಲದಾಗ ನನಗೇನು ಅನ್ನಿಸುತ್ತದೆ ಅಂತ ಮೊನ್ನೆ ರಾತ್ರಿ ಸುಮ್ನೆ ಕೂತು ನೋಡಿದೆ. ಏನೂ ಅನ್ನಿಸಲಿಲ್ಲ.

ಸಾಕು, ಇಷ್ಟು ಬರೆಯುವ ಉದ್ದೇಶ ಇರಲಿಲ್ಲ. ಬೂಲಾಂಜೆಗೆ ಹೋಲಿಸಿಕೊಳ್ಳುವಷ್ಟು ದೊಡ್ಡವನೂ ನಾನಲ್ಲ. ಆದರೂ ಒಂದು ಸಮಾಧಾನ. ಅವನು 1888ರಲ್ಲಿ ಪ್ರಧಾನಿ ಫ್ಲೋಕೆ ಜೊತೆ ಕತ್ತಿ ಕಾಳಗಕ್ಕಿಳಿದು, ಅರವತ್ತರ ಹತ್ತಿರದ ಆ ವಕೀಲನ ಕೈಯಲ್ಲಿ ಕುತ್ತಿಗೆಗೆ ಚುಚ್ಚಿಸಿಕೊಂಡ. ಜನರಲ್ ಆಗಿ! ನಾನು ಕೇರಂನಲ್ಲಿ ಸೋತಿದ್ದೇನೆ ಅಷ್ಟೇ, ಅದೂ ನೀನು ಸ್ಟ್ರೈಕರ್ ಬದಲಾಯಿಸಿದ್ದರಿಂದ.

ಬೈಯುವುದಿದ್ದರೆ ಕಾಮೆಂಟಿನಲ್ಲಿ ಬೇಡ, ಫೋನ್ ಮಾಡು. ನೀನು ಏನೇ ಅಂದರೂ ಹೌದೌದು ಅನ್ನುತ್ತೇನೆ.