ಸಂಕ ಗಟ್ಟಿಯಾಗುವವರೆಗೆ: ಮಗಳಿಗೊಂದು ಪತ್ರ

ಕಾರವಾರ
ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ಇವತ್ತು ಬೆಳಿಗ್ಗೆ ಫೋನ್ ಮಾಡಿ "ನನ್ನ ಪತ್ರ ಸಿಗುವವರೆಗೆ ಓಡಬೇಡ" ಅಂದಾಗ ನಿನಗೆ ಬೇಜಾರಾಯಿತು. ಗೊತ್ತಾಯಿತು ನನಗೆ. ಹದಿನೆಂಟು ದಿನ ಒಂದು ದಿನವೂ ತಪ್ಪಿಸದೆ ಓಡಿದವಳಿಗೆ ಹತ್ತೊಂಬತ್ತನೇ ದಿನ ಆಯಿಯೇ ಅಡ್ಡ ಬಂದರೆ ಬೇಜಾರಾಗದೆ ಇರುತ್ತದಾ? ಆದರೆ ನಿನ್ನೆ ನೀನು ಹೇಳಿದ ಮಾತು ನನ್ನನ್ನು ರಾತ್ರಿಯಿಡೀ ಮಲಗಲು ಬಿಡಲಿಲ್ಲ. "ಮೊಣಕಾಲ ಕೆಳಗೆ ಎಲುಬು ಸ್ವಲ್ಪ ನೋಯ್ತಿದೆ, ಓಡ್ತಾ ಓಡ್ತಾ ಸರಿ ಹೋಗತ್ತೆ" ಅಂದೆಯಲ್ಲ, ಅದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ. ಆಮೇಲೆ ಏನಾಯಿತು ಅನ್ನುವುದನ್ನು ನಿನಗೆ ಇದುವರೆಗೂ ಹೇಳಿಲ್ಲ.

ನೀನು ಎರಡನೇ ಪಿಯುಸಿ ಪರೀಕ್ಷೆ ಬರೆಯುವ ಹೊತ್ತಿಗೆ, ಅಂದರೆ 2019ರ ಮಾರ್ಚ್‌ನಲ್ಲಿ, ನನ್ನ ಎಡಗಾಲಿಗೆ, ಅಲುಗದ ಹಾಗೆ, ಮೊಣಕಾಲವರೆಗೆ ಬರುವ ಬೂಟು ಹಾಕಿದ್ದರು. ನೀನು ಹಾಸ್ಟೆಲ್ಲಿನಲ್ಲಿದ್ದೆ. ಕೇಳಿದಾಗ "ಮೆಟ್ಟಿಲಲ್ಲಿ ಕಾಲು ಉಳುಕಿತು" ಅಂದುಬಿಟ್ಟೆ. ಅದು ಸುಳ್ಳು. ಉಳುಕಿದ್ದಲ್ಲ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ. ಓಡಿ ಓಡಿಯೇ ಬಿರುಕು ಬಿಟ್ಟಿದ್ದು. ಪರೀಕ್ಷೆಯ ಹೊತ್ತಿನಲ್ಲಿ ನಿನಗೆ ಚಿಂತೆ ಬೇಡ ಅಂತ ಮುಚ್ಚಿಟ್ಟೆ. ಆಮೇಲೆ ಹೇಳುವ ಸಂದರ್ಭವೇ ಬರಲಿಲ್ಲ. ಈಗ ಬಂದಿದೆ.

ನಾನು ಓಡಲು ಶುರು ಮಾಡಿದ್ದು 2018ರ ನವೆಂಬರಿನಲ್ಲಿ. ಆಗ ಮೂರು ತಿಂಗಳ ಸಕ್ಕರೆಯ ಸರಾಸರಿ ನೋಡುವ ಪರೀಕ್ಷೆಯಲ್ಲಿ 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದ ಹಾಗೆ. ಮರುದಿನವೇ ಬೆಳಿಗ್ಗೆ ಐದೂವರೆಗೆ ಟಾಗೋರ್ ಬೀಚಿಗೆ ಹೋದೆ. ಯುದ್ಧನೌಕೆ ಚಾಪೆಲ್ ನಿಂತಿದೆಯಲ್ಲ, ಅಲ್ಲಿಂದ ಕಾಳಿ ನದಿಯ ಕಡೆಗೆ. ಮೊದಲ ದಿನ ಎರಡು ನಿಮಿಷ ಓಡುವಷ್ಟರಲ್ಲಿ ಉಸಿರು ಕಟ್ಟಿತು. ಒಂದೇ ತಿಂಗಳಲ್ಲಿ ಮೂರು ಕಿಲೋಮೀಟರ್ ನಿಲ್ಲದೆ ಓಡಿದೆ. ಆ ಸಂತೋಷ ಎಂಥದ್ದು ಅಂತ ನಿನಗೆ ಈಗ ಗೊತ್ತಿದೆ, ನಾನು ಹೇಳಬೇಕಾಗಿಲ್ಲ. ಜನವರಿಗೆ ಐದು ಕಿಲೋಮೀಟರ್ ಆಯಿತು. ವಾರಕ್ಕೆ ಆರು ದಿನ. ಉಸಿರು ಸಲೀಸಾಗಿ ಬರುತ್ತಿತ್ತು. ಹಾಗಾಗಿ ಮೈಯೆಲ್ಲ ತಯಾರಾಗಿದೆ ಅಂದುಕೊಂಡೆ.

ತಪ್ಪಿದ್ದು ಅಲ್ಲೇ. ಉಸಿರು ಬೇಗ ಕಲಿಯುತ್ತದೆ. ಹೃದಯ, ಶ್ವಾಸಕೋಶ, ರಕ್ತ, ಇವೆಲ್ಲ ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ. ಎಲುಬಿಗೆ ಮತ್ತು ಮಾಂಸವನ್ನು ಎಲುಬಿಗೆ ಕಟ್ಟುವ ಗಟ್ಟಿ ಎಳೆಗಳಿಗೆ ತಿಂಗಳುಗಟ್ಟಲೆ ಬೇಕು.

ನೀನು ಚಿಕ್ಕವಳಿದ್ದಾಗ ಅಮ್ಮಮ್ಮನ ಮನೆಯ ತೋಟಕ್ಕೆ ಹೋಗುವ ದಾರಿಯ ಹಳ್ಳಕ್ಕೆ ಸಂಕ, ಅಂದರೆ ಕಾಲುಸೇತುವೆ, ಹಾಕುವುದನ್ನು ನೋಡಿದ್ದೆ, ನೆನಪಿದೆಯಾ? ಮಳೆಗಾಲಕ್ಕೆ ಮುಂಚೆ ಹಳೇ ಅಡಿಕೆ ಮರದ ದಬ್ಬೆ ಕೊಳೆತು ಲಡ್ಡಾಗಿದ್ದರೆ ಮೊದಲು ಅದನ್ನು ತೆಗೆಯುತ್ತಾರೆ. ಆಮೇಲೆ ಹೊಸದು ಹಾಕಿ ಕಟ್ಟುತ್ತಾರೆ. ತೆಗೆದದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಸಂಕ ಮೊದಲಿಗಿಂತ ಬಡಕಲಾಗಿರುತ್ತದೆ. ಆ ಹೊತ್ತಿನಲ್ಲಿ ಅಡಿಕೆ ಹೊರೆ ಹೊತ್ತುಕೊಂಡು ಯಾರೂ ದಾಟುವುದಿಲ್ಲ. ನಮ್ಮ ಎಲುಬೂ ಹಾಗೇ ಮಾಡುತ್ತದೆ. ಹೊಸ ಭಾರ ಬಿದ್ದ ಕೂಡಲೇ ಅಲ್ಲಿನ ಹಳೇ ಎಲುಬನ್ನು ಮೊದಲು ಕರಗಿಸುತ್ತದೆ, ಆಮೇಲೆ ಅದೇ ಜಾಗದಲ್ಲಿ ಹೊಸದನ್ನು ತುಂಬುತ್ತದೆ. ಈ ಕೆಲಸ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು. ನಡುವೆ ನಾವು ದಿನವೂ ಅದರ ಮೇಲೆ ಕುಟ್ಟುತ್ತಾ ಹೋದರೆ ತುಂಬಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಓಡದ ದಿನವೇ ಎಲುಬು ಕಟ್ಟುವ ದಿನ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ನನ್ನ ನೋವು ಹೇಗೆ ಬೆಳೆಯಿತು ಅಂತ ಹೇಳುತ್ತೇನೆ, ಗಮನ ಕೊಟ್ಟು ಓದು. ಮೊದಲ ವಾರ ಓಟ ಶುರು ಮಾಡುವಾಗ ಮಾತ್ರ ನೋಯುತ್ತಿತ್ತು, ಮೈ ಬಿಸಿಯಾದ ಮೇಲೆ ಮಾಯ. ನೀನು ಈಗ ಇರುವುದು ಬಹುಶಃ ಇಲ್ಲೇ. ಎರಡನೇ ವಾರ ಶುರುವಿನಲ್ಲಿ, ಕೊನೆಯಲ್ಲಿ ಎರಡೂ ಹೊತ್ತು. ಆಮೇಲೆ ಓಟದ ಉದ್ದಕ್ಕೂ. ಕೊನೆಗೆ ರಾತ್ರಿ ಹಾಸಿಗೆಯಲ್ಲಿ ಸುಮ್ನೆ ಮಲಗಿದ್ದರೂ ಸೆಳೆತ. ಹೆಬ್ಬೆರಳಿನಷ್ಟು ಜಾಗ, ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಜಾಸ್ತಿ ಅಂತ ಡಾಕ್ಟರು ಹೇಳಿ ಎಂಆರ್‌ಐ ಮಾಡಿಸಿದರು. ಅದರಲ್ಲಿ ಸಿಕ್ಕಿತು.

ಆದ್ದರಿಂದ ಈ ಪತ್ರ ಸಿಕ್ಕ ಕೂಡಲೇ ಒಂದು ಕೆಲಸ ಮಾಡು. ಕುರ್ಚಿಯ ಮೇಲೆ ಕೂತು, ನೋಯುವ ಎಲುಬಿನ ಒಳಬದಿಯನ್ನು ಮೇಲಿನಿಂದ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತಾ ಬಾ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿಕೊಂಡಿದ್ದರೆ ಅದು ಶಿನ್ ಸ್ಪ್ಲಿಂಟ್ಸ್ ಇರಬಹುದು, ಅಂದರೆ ಓಟದಿಂದ ಎಲುಬಿನ ಉದ್ದಕ್ಕೂ ಬರುವ ನೋವು, ಬಿರುಕಲ್ಲ. ಹೊಸದಾಗಿ ಓಡುವವರಿಗೆ ಬಹಳ ಸಾಮಾನ್ಯ. ಕೆಲವು ವಾರ ಓಟ ಬಿಟ್ಟು ನಡೆದರೆ, ಆಮೇಲೆ ನಿಧಾನವಾಗಿ ಮರಳಿದರೆ ಸಾಕಾಗುತ್ತದೆ. ಆದರೆ ಒಂದೇ ಬಿಂದುವಿನಲ್ಲಿ ಚುಚ್ಚಿದ ಹಾಗೆ ನೋವಾದರೆ, ರಾತ್ರಿ ನೋವಿದ್ದರೆ, ನಡೆಯುವಾಗಲೂ ನೋವಿದ್ದರೆ, ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕು. ನೋವಿನ ಮಾತ್ರೆ ನುಂಗಿಕೊಂಡು ಮಾತ್ರ ಓಡಬೇಡ. ನೋವು ಸುಮ್ಮನಾದರೂ ಬಿರುಕು ಸುಮ್ಮನಾಗುವುದಿಲ್ಲ.

ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗ ಅಮ್ಮಮ್ಮ ನಿನ್ನ ಪಕ್ಕದಲ್ಲೇ ಕೂತು "ಮೊಣಕಾಲು ಸವೆದುಹೋಗತ್ತೆ" ಅನ್ನುತ್ತಿದ್ದಳು, ಕೇಳಿಸಿತು. ಅವಳಿಗೆ ಸಮಾಧಾನವಾಗಿ ಹೇಳು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆರೋಗ್ಯಕ್ಕಾಗಿ ಹಿತಮಿತವಾಗಿ ಓಡುವವರಲ್ಲಿ ನೂರಕ್ಕೆ ಸುಮಾರು 3.5 ಜನರಿಗೆ ಮಾತ್ರ ಸೊಂಟದ ಕೀಲು ಅಥವಾ ಮೊಣಕಾಲಿನ ಸವೆತ ಇತ್ತು. ಓಡದೆ ಕೂತೇ ಇರುವವರಲ್ಲಿ ಅದು ಸುಮಾರು 10. ಪಂದ್ಯಕ್ಕೆಂದೇ ಓಡುವವರಲ್ಲಿ 13ರ ಮೇಲೆ. ಓಟವೇ ಅವರ ಮೊಣಕಾಲನ್ನು ಕಾಪಾಡಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಹಿತವಾಗಿ ಓಡಿದರೆ ಮೊಣಕಾಲು ಹಾಳಾಗುತ್ತದೆ ಅನ್ನುವ ಹೆದರಿಕೆ ಬೇಡ. ನೀನು ಓಟ ಬಿಡಬೇಕು ಅಂತ ನಾನು ಒಂದು ಮಾತೂ ಹೇಳುತ್ತಿಲ್ಲ, ಕೂಸೇ. ಐವತ್ತಾದರೂ ಅರವತ್ತಾದರೂ ನೀನು ಓಡುತ್ತಿರಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ಮತ್ತೆ ಓಡಲು ಶುರು ಮಾಡಿದ್ದು ಎಂಟು ವಾರ ಕಳೆದ ಮೇಲೆ. ಫಿಸಿಯೋಥೆರಪಿಸ್ಟ್ ಮೊದಲು ಅರ್ಧ ಗಂಟೆ ನೋವಿಲ್ಲದೆ ಬಿರುಸಾಗಿ ನಡೆಯಲು ಹೇಳಿದರು. ಅದು ಎರಡು ವಾರ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ, ದಿನ ಬಿಟ್ಟು ದಿನ. ಇಪ್ಪತ್ತು ನಿಮಿಷ ನಿಲ್ಲದೆ ಓಡುವಷ್ಟಾಗಲು ಮೂರು ತಿಂಗಳು ಹಿಡಿಯಿತು. ಈಗ ವಾರಕ್ಕೆ ಮೂರು ದಿನ, ಒಂದೊಂದು ದಿನ ಅರ್ಧ ಗಂಟೆ. ಉಳಿದ ದಿನ ನಡಿಗೆ. ವಯಸ್ಕರು ವಾರಕ್ಕೆ 75ರಿಂದ 150 ನಿಮಿಷ ಹೀಗೆ ಬೆವರು ಬರುವ ವ್ಯಾಯಾಮ ಮಾಡಿದರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಿನಗೂ ಮೂರು ದಿನ ಸಾಕು. ಫೋನಿನ ಆ್ಯಪ್‌ನಲ್ಲಿ ಹದಿನೆಂಟು, ಹತ್ತೊಂಬತ್ತು ಅಂತ ಲೆಕ್ಕ ಏರುತ್ತದಲ್ಲ, ಅದನ್ನು ತೆಗೆದುಹಾಕು. ಆ ಲೆಕ್ಕಕ್ಕೆ ನಿನ್ನ ಕಾಲು ಕಾಣುವುದಿಲ್ಲ.

ವೇಗದ ಬಗ್ಗೆ ಒಂದೇ ಮಾತು. ಓಡುವಾಗ ಪಕ್ಕದಲ್ಲಿ ಇರುವವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಜೋರಾಯಿತು. ಹೆಜ್ಜೆಯನ್ನೂ ಚಿಕ್ಕದು ಮಾಡು. ಕಾಲು ಮುಂದೆ ದೂರ ಚಾಚಿ ಹಿಮ್ಮಡಿ ಕುಟ್ಟುವ ಬದಲು ಮೈಯ ಕೆಳಗೇ ಇಡು. ಅದೇ ವೇಗದಲ್ಲಿ ನಿಮಿಷಕ್ಕೆ ಹತ್ತು ಹನ್ನೆರಡು ಹೆಜ್ಜೆ ಜಾಸ್ತಿ ಇಟ್ಟರೆ ಮೊಣಕಾಲಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ.

ನೆಲದ ವಿಷಯದಲ್ಲಿ ನಾನು ಮಾಡಿದ ತಪ್ಪು ನಿನಗೆ ಗೊತ್ತಿರಲಿ. ಹೋಗುವಾಗ ಮರಳಿನ ಮೇಲೆ ಹೋಗುತ್ತಿದ್ದೆ, ಬರುವಾಗ ರಸ್ತೆಯಲ್ಲಿ. ಕಾಳಿಯ ಕಡೆ ಓಡುವಾಗ ಸಮುದ್ರ ಎಡಗಡೆ. ಮರಳು ಸಮುದ್ರದ ಕಡೆ ಇಳಿಜಾರು. ಅಂದರೆ ದಿನವೂ ನನ್ನ ಎಡಗಾಲೇ ತಗ್ಗಿನಲ್ಲಿ ಬೀಳುತ್ತಿತ್ತು. ಬಿರುಕು ಬಿಟ್ಟಿದ್ದೂ ಎಡಗಾಲೇ. ಅದೊಂದೇ ಕಾರಣ ಅಲ್ಲದಿರಬಹುದು, ಆದರೆ ಈಗ ನಾನು ಸಮುದ್ರದ ಇಳಿತ ನೋಡಿಕೊಂಡೇ ಬೀಚಿಗೆ ಹೋಗುತ್ತೇನೆ. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿ, ಸಪಾಟು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೊತ್ತು ಹೊಂದದ ವಾರ ರಸ್ತೆಯಲ್ಲೇ ಓಡುತ್ತೇನೆ. ಒಣ ಮರಳಿನಲ್ಲಂತೂ ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಒಮ್ಮೆ ಚಂದ ಅನ್ನಿಸಿ ಬರಿಗಾಲಿನಲ್ಲಿ ಓಡಿದೆ. ಹಿಮ್ಮಡಿಯ ಹಿಂದೆ ಹದಿನೈದು ದಿನ ನೋವಿತ್ತು. ನೀನು ಇಲ್ಲಿಗೆ ಬಂದಾಗ ಇದು ನೆನಪಿರಲಿ.

ನೀನಿರುವ ಶಿರಸಿಯಲ್ಲಿ ಮರಳಿಲ್ಲ, ಆದರೆ ಏರು ಇಳಿತ ಎಲ್ಲ ಕಡೆ. ಇಳಿಯುವಾಗ ಓಡಬೇಡ, ನಡಿ. ಇಳಿಜಾರಿನಲ್ಲಿ ಕಾಲಿಗೆ ಬೀಳುವ ಪೆಟ್ಟು ಜಾಸ್ತಿ. ಸದ್ಯಕ್ಕೆ ಕೋಟೆಕೆರೆ ಸುತ್ತ ಸಮತಟ್ಟಾದ ಕಡೆಯಷ್ಟೇ ಸಾಕು. ಒಂದು ದಿನ ಎಡದಿಂದ ಸುತ್ತಿದರೆ ಇನ್ನೊಂದು ದಿನ ಬಲದಿಂದ ಸುತ್ತು. ಮಳೆ ಹಿಡಿದ ಮೇಲೆ ಚಿರೇಕಲ್ಲಿನ ಮೇಲೆಲ್ಲ ಹಾವಸೆ, ಹುಲ್ಲಿನಲ್ಲೆಲ್ಲ ಉಂಬಳ. ಜೋರು ಮಳೆಯ ದಿನ ಜಗಲಿಯಲ್ಲೇ ಕಾಲು ಗಟ್ಟಿ ಮಾಡುವ ವ್ಯಾಯಾಮ ಮಾಡಿದರೆ ಆಯಿತು.

ಆ ವ್ಯಾಯಾಮ ಸುಲಭ. ಮೆಟ್ಟಿಲಿನ ತುದಿಯಲ್ಲಿ ನಿಂತು, ಗೋಡೆ ಹಿಡಿದುಕೊಂಡು, ತುದಿಗಾಲ ಮೇಲೆ ಏರಿ ನಿಧಾನ ಇಳಿಯುವುದು. 15 ಸಲ, ನಡುವೆ ಸುಧಾರಿಸಿಕೊಂಡು ಮೂರು ಸುತ್ತು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ವಾರಕ್ಕೆ ಎರಡು ಮೂರು ದಿನ. ಆದರೆ ಎಲುಬಿನ ನೋವು ಪೂರ್ತಿ ಹೋದ ಮೇಲೆಯೇ ಶುರು ಮಾಡು. ಓಡುವ ಮುಂಚೆ ಕಾಲು ಎಳೆದು ಹಿಡಿದು ನಿಲ್ಲುವುದಕ್ಕಿಂತ ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳುವುದು ಒಳ್ಳೆಯದು.

ನಿನ್ನ ಕಾಲೇಜಿನ ಕಾಲದ ಬೂಟು ಇನ್ನು ಬೇಡ. ಓಡುವ ಬೂಟಿನ ತಳ 500ರಿಂದ 800 ಕಿಲೋಮೀಟರಿಗೆ ಸತ್ತುಹೋಗುತ್ತದೆ, ಮೇಲಿನಿಂದ ಚೆನ್ನಾಗಿ ಕಂಡರೂ. ಸಂಜೆ ಹೊತ್ತು ಹೋಗಿ ಕೊಳ್ಳು, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ದುಬಾರಿಯದೇ ಬೇಕು ಅಂತಿಲ್ಲ, ಹಾಕಿಕೊಂಡು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಓಡಿದಾಗ ಹಿತ ಅನ್ನಿಸಬೇಕು. ದುಡ್ಡು ನಾನು ಕಳಿಸುತ್ತೇನೆ.

ಇನ್ನೊಂದು ವಿಷಯ ನಿನ್ನೆ ಫೋನಿನಲ್ಲಿ ಕೇಳಲು ಆಗಲಿಲ್ಲ, ಬ್ಯಾಂಕಿನವರು ಪಕ್ಕದಲ್ಲಿದ್ದರು ಅನ್ನಿಸಿತು. ರಾತ್ರಿ ಊಟ ಬಿಟ್ಟಿದ್ದೀಯಂತೆ, ಅಮ್ಮಮ್ಮ ಹೇಳಿದಳು. ಮುಟ್ಟು ಸರಿಯಾಗಿ ಆಗುತ್ತಿದೆಯಾ? ಓಟ ಜಾಸ್ತಿ ಮಾಡಿ ಊಟ ಕಡಿಮೆ ಮಾಡಿದರೆ ಮೈ ಮೊದಲು ಉಳಿತಾಯ ಮಾಡುವುದು ಅಲ್ಲೇ. ಮುಟ್ಟು ತಪ್ಪುವುದು ಅಂದರೆ ಎಲುಬನ್ನು ಕಾಯುವ ಹಾರ್ಮೋನು ಕಡಿಮೆಯಾಗಿದೆ ಅಂತ ಇರಬಹುದು. ಹಾಗಾದ ಹುಡುಗಿಯರಿಗೆ ಬಿರುಕು ಬೀಳುವ ಸಾಧ್ಯತೆ ಜಾಸ್ತಿ. ಒಂದೆರಡು ತಿಂಗಳು ಏರುಪೇರಾಗಿದ್ದರೂ ನನ್ನಿಂದ ಮುಚ್ಚಿಡಬೇಡ. ಓಡಿ ಬಂದ ಮೇಲೆ ಅಮ್ಮಮ್ಮ ಮಾಡುವ ತೆಳ್ಳೇವು ಹೊಟ್ಟೆ ತುಂಬ ತಿನ್ನು, ಮಧ್ಯಾಹ್ನ ತಂಬುಳಿ, ಮೊಸರು, ರಾತ್ರಿ ಅನ್ನ ಸಾರು ಪಲ್ಯ. ತೂಕ ಇಳಿಸಬೇಕು ಅಂತ ನಿನಗೆ ಯಾರು ಹೇಳಿದರು?

ಆ ಎಂಟು ವಾರ ನಾನು ಬೆಳಿಗ್ಗೆ ಐದೂವರೆಗೆ ಎದ್ದು ಕಿಟಕಿಯ ಹತ್ತಿರ ಕೂರುತ್ತಿದ್ದೆ. ರಸ್ತೆಯಲ್ಲಿ ಬೀಚಿನ ಕಡೆ ನಡೆದು ಹೋಗುವವರು ಕಾಣುತ್ತಿದ್ದರು. ಎದೆಯಲ್ಲಿ ಉಸಿರಿತ್ತು, ಕಾಲು ಮಾತ್ರ ಬೂಟಿನಲ್ಲಿತ್ತು. ಅದೇ ಕಿಟಕಿಯ ಹತ್ತಿರ ನೀನು ಕೂರುವುದನ್ನು ನಾನು ನೋಡಲಾರೆ.

ಬರುವ ಶನಿವಾರ ಬ್ಯಾಂಕಿಗೆ ರಜೆ ಇದ್ದರೆ ಬಸ್ಸು ಹತ್ತಿ ಬಾ. ಓಡುವುದು ಬೇಡ, ಯುದ್ಧನೌಕೆಯಿಂದ ಕೋಡಿಬಾಗದವರೆಗೆ ಇಬ್ಬರೂ ನಡೆಯೋಣ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.

ಈಗ ಪತ್ರ ಕೆಳಗಿಟ್ಟು ಎಲುಬು ಒತ್ತಿ ನೋಡು. ಗೇಣಿನಷ್ಟಾ, ಬೆರಳಿನಷ್ಟಾ ಅಂತ ಕೂಡಲೇ ಫೋನ್ ಮಾಡಿ ಹೇಳು. ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ
ಆಯಿ