ಭಾನುವಾರದ ಓದಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಆರಾಧನೆ ಮುಗಿದ ಮೇಲೆ ವಿರಾಜಪೇಟೆಯಲ್ಲಿ ನಮ್ಮ ಮನೆಯಲ್ಲೇ ಸೇರೋಣ. ಕಾಫಿ ಕೊಯ್ಲು ಇರುವವರು ತಡವಾಗಿ ಬಂದರೂ ಪರವಾಗಿಲ್ಲ.

ಹೋದ ವಾರ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಅಣ್ಣನ ಮಗಳು ಕೇಳಿದಳು: “ನಿಮ್ಮ ಸತ್ಯ ನಿಮಗೆ, ನನ್ನದು ನನಗೆ. ಅಷ್ಟೇ ಅಲ್ವಾ ಚಿಕ್ಕಪ್ಪ?” ಕೈಯಲ್ಲಿದ್ದ ಗೋರುಮಣೆ ಅಲ್ಲೇ ನಿಂತಿತು. ಸುಮ್ನೆ ಬೈದು ಕಳಿಸುವ ಪ್ರಶ್ನೆ ಅಲ್ಲ ಅದು.

ಎಲ್ಲವನ್ನೂ ವಿವರಿಸುವ ದೊಡ್ಡ ಕಥೆಗಳ ಮೇಲೆ ಈಗ ನಂಬಿಕೆ ಉಳಿದಿಲ್ಲ ಎಂದು ಫ್ರಾನ್ಸಿನ ತತ್ವಜ್ಞಾನಿ ಲಿಯೋತಾರ್ 1979ರಲ್ಲೇ ಬರೆದರು. ಅದರಲ್ಲಿ ನಿಜ ಇದೆ. ದೊಡ್ಡ ಕಥೆ ಹೇಳಿ ಜನರನ್ನು ತುಳಿದವರಲ್ಲಿ ನಮ್ಮವರೂ ಇದ್ದರು. ಒಪ್ಪಿಕೊಳ್ಳಲೇಬೇಕು.

ಆದರೆ 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ ಚರ್ಚ್) ಹುಟ್ಟಿದಾಗ ಮಧುರೈಯಲ್ಲಿ ಬಿಷಪರಾದ ಲೆಸ್ಲಿ ನ್ಯೂಬಿಗಿನ್ ಅವರ ಉತ್ತರ ನನ್ನ ಮನಸ್ಸಿಗೆ ಹಿಡಿಸಿದೆ. ಅವರು ಹೇಳಿದ್ದು ಇದು: ಯಾರೇ ಆದರೂ ಯಾವುದೋ ಒಂದು ನೆಲೆಯಲ್ಲಿ ನಿಂತೇ ಲೋಕವನ್ನು ನೋಡುವುದು. ವಿಜ್ಞಾನಿಯೂ ಏನನ್ನೋ ನಂಬಿಯೇ ಶುರು ಮಾಡುತ್ತಾನೆ. ಹಾಗಂತ ಸತ್ಯವೇ ಇಲ್ಲ ಅಂತಲ್ಲ. ಸುವಾರ್ತೆ ಜನರಿಗೆ ಅರ್ಥವಾಗುವುದು ಅದರಂತೆ ಬಾಳುವ ಸಭೆಯನ್ನು ನೋಡಿ. ಇನ್ನೂ ಒಂದು ಮಾತು ನನ್ನದು: ಶಿಲುಬೆಯ ಕಥೆಯಲ್ಲಿ ದೇವರು ತುಳಿದವನಲ್ಲ, ಹೊಡೆತ ತಿಂದವನು.

ನ್ಯೂಬಿಗಿನ್ ಅವರ 1989ರ ಪುಸ್ತಕ ‘ದ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ’ಯಿಂದ ನಾಲ್ಕು ಪುಟ ಓದೋಣ. ಕಾಲೇಜಿಗೆ ಹೋಗುವ ಮಕ್ಕಳನ್ನು ಖಂಡಿತ ಕರೆತನ್ನಿ. ಅವರು ಕೇಳಲಿ, ನಾವು ಕೂತು ಆಲಿಸೋಣ.