ಅಲಮೋ ನೋಡಿದ ಮೇಲೆ ಪುಟ್ಟುಗೆ ಒಂದು ಪತ್ರ

ಚಿ. ಪುಟ್ಟುಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ಅದು ಬಿಡು.

ನೀನು ಹೇಳಿದೆ ಅಂತ ಆ ಟಿವಿ ಸಿನಿಮಾವನ್ನು ಎರಡು ರಾತ್ರಿ ಕೂತು ನೋಡಿದೆ. ‘ದಿ ಅಲಮೋ: ಥರ್ಟೀನ್ ಡೇಸ್ ಟು ಗ್ಲೋರಿ’, 1987ರದ್ದು. ಮೆಕ್ಸಿಕೋ ವಿರುದ್ಧ ದಂಗೆ ಎದ್ದ ಟೆಕ್ಸಾಸ್‌ನವರು 1836ರಲ್ಲಿ ಅಲಮೋ ಅನ್ನುವ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿ ಸತ್ತ ಕಥೆ. ಒಂದು ಸಲ ನೋಡಬಹುದು. ಆದರೆ ಕಂಪನಿ ನಾಟಕದಲ್ಲಿ ಯಜಮಾನರೇ ಅಭಿಮನ್ಯು ಪಾರ್ಟು ಮಾಡುತ್ತಿದ್ದ ಹಾಗಿದೆ ಮಾರಾಯ! ಕೋಟೆಯಲ್ಲಿ ಹೋರಾಡಿದ ಡೇವಿ ಕ್ರಾಕೆಟ್ ಸತ್ತಾಗ ಅವನಿಗೆ 49. ಜಿಮ್ ಬೋವಿಗೆ ನಲವತ್ತರ ಆಸುಪಾಸು. ಆ ಪಾತ್ರ ಮಾಡಿದ ಬ್ರಯನ್ ಕೀತ್, ಜೇಮ್ಸ್ ಆರ್ನೆಸ್ ಇಬ್ಬರಿಗೂ ಅರವತ್ತು ದಾಟಿತ್ತು. ಕೋಟೆಯ ನಾಯಕ, 26ರ ಟ್ರಾವಿಸ್ ಆಗಿ ಅಲೆಕ್ ಬಾಲ್ಡ್ವಿನ್ ಮಾತ್ರ ವಯಸ್ಸಿಗೆ ಹೊಂದುತ್ತಾನೆ. ನನಗೆ ಹಿಡಿಸಿದ್ದು ಮೆಕ್ಸಿಕೋ ಸೈನ್ಯದ ದಂಡನಾಯಕ ಸಾಂಟಾ ಆನಾ ಆಗಿರುವ ರಾವುಲ್ ಹುಲಿಯಾ.

ಸರಿ, ಪತ್ರ ಬರೆಯೋಕೆ ಕೂತಿದ್ದು ಅದಕ್ಕಲ್ಲ. ಸಿನಿಮಾದ ಜೊತೆ ನೀನು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿದೆ. ‘ಮೂರು ತಿಂಗಳಿಂದ ಸಂಬಳ ಇಲ್ಲ ಮಾವ, ಆದರೂ ನಾನು ಗೆರೆ ದಾಟಿ ಬಂದವನು, ಕೊನೇತನಕ ಇರ್ತೀನಿ’ ಅಂತ ಬರೆದಿದ್ದೀಯ. ಓದಿ ಹೆಮ್ಮೆಯೂ ಆಯ್ತು, ಹೊಟ್ಟೆಯಲ್ಲಿ ಸಂಕಟವೂ ಆಯ್ತು.

ಮೊದಲು ಆ ಗೆರೆಯ ವಿಷಯ. ಟ್ರಾವಿಸ್ ಕತ್ತಿಯಿಂದ ನೆಲದ ಮೇಲೆ ಗೆರೆ ಎಳೆದು, ನನ್ನ ಜೊತೆ ಸಾಯುವವರು ದಾಟಿ ಬನ್ನಿ ಅಂದನಂತೆ. ಆ ಕಥೆ ಮೊದಲು ಅಚ್ಚಾಗಿದ್ದು 1873ರಲ್ಲಿ, ಯುದ್ಧ ಮುಗಿದು 37 ವರ್ಷ ಆದ ಮೇಲೆ. ಅವನ ಕೈಬರಹದಲ್ಲಿ ಉಳಿದಿರುವುದು ಬೇರೆಯೇ. ಸಾಂಟಾ ಆನಾನ ಸೈನ್ಯ ಅಲಮೋ ಇರುವ ಸ್ಯಾನ್ ಆಂಟೋನಿಯೋ ಊರಿಗೆ ಬಂದದ್ದು 1836ರ ಫೆಬ್ರವರಿ 23ಕ್ಕೆ. ಮಾರನೇ ದಿನವೇ ಟ್ರಾವಿಸ್ ಕಾಗದ ಬರೆದ. ‘ಗೆಲುವು ಇಲ್ಲವೇ ಸಾವು’ ಅನ್ನುವ ಕೊನೆಯ ಸಾಲು ಎಲ್ಲರ ಬಾಯಲ್ಲೂ ಇದೆ. ಒಳಗಿರುವುದು ಮಾತ್ರ ‘ಬೇಗ ಬನ್ನಿ, ಜನ ಕಳಿಸಿ’ ಅನ್ನುವ ಕೂಗು. ಗೋಲಿಯಾಡ್ ಊರಿನಲ್ಲಿ ಇವರದೇ ಕಡೆಯ ಸೇನಾಧಿಕಾರಿ ಫ್ಯಾನಿನ್ ಹತ್ತಿರ ಮುನ್ನೂರಕ್ಕೂ ಜಾಸ್ತಿ ಜನ ಇದ್ದರು. ಅವನು ಹೊರಟ, ಗಾಡಿಗಳು ಕೆಟ್ಟವು, ವಾಪಸ್ ಹೋದ. ಗೊನ್ಜಾಲೆಸ್ ಅನ್ನುವ ಊರಿನಿಂದ 32 ಜನ ಬಂದರು, ಪಾಪ, ಸಾಯೋದಕ್ಕೇ. ಮಾರ್ಚ್ 3ರಂದು ಬಾನಮ್ ಅನ್ನುವವನು ಕುದುರೆ ಓಡಿಸಿಕೊಂಡು ಕೋಟೆಯೊಳಗೆ ಬಂದ. ಅವನು ತಂದ ಕಾಗದದಲ್ಲಿ ಏನಿತ್ತು ಗೊತ್ತಾ? ನೆರವು ಬರ್ತಾ ಇದೆ, ಅಲ್ಲೀತನಕ ತಡಕೊಳ್ಳಿ! ಮೂರು ದಿನಕ್ಕೆ, 6ನೇ ತಾರೀಕು ನಸುಕಿನಲ್ಲಿ, ಎಲ್ಲ ಮುಗಿದುಹೋಯಿತು.

ಸಾಯಲೇಬೇಕು ಅಂತ ಅವರು ಕೂತಿರಲಿಲ್ಲ ಪುಟ್ಟು. ಕಾಯ್ತಾ ಕೂತಿದ್ದರು. ‘ದುಡ್ಡು ಹಾಕುವವರು ಒಪ್ಪಿದ್ದಾರೆ, ಇನ್ನೊಂದು ತಿಂಗಳು’ ಅಂತ ನಿಮ್ಮ ಕಂಪನಿಯವರು ಕಳಿಸುವ ಮೇಲ್ ಇದೆಯಲ್ಲ, ನನಗೆ ಬಾನಮ್ ತಂದ ಕಾಗದ ಓದಿದ ಹಾಗೇ ಆಯ್ತು.

ನಾನೂ ಕಾದವನೇ. ನೀನಾಗ ಇನ್ನೂ ಹುಟ್ಟಿರಲಿಲ್ಲ. ನಾನಿದ್ದ ಮಿಲ್ಲಿನ ಗೇಟಿಗೆ ಬೀಗ ಬಿದ್ದಾಗ ‘ಮುಂದಿನ ತಿಂಗಳು ತೆಗೀತಾರೆ’ ಅಂದರು. ದಿನಾ ಡಬ್ಬಿ ಕಟ್ಟಿಸಿಕೊಂಡು ಹೋಗಿ ಗೇಟಿನ ಮುಂದೆ ಕೂತು, ಉಂಡು ಬರ್ತಿದ್ದೆ. ಹದಿನಾಲ್ಕು ತಿಂಗಳು! ಅತ್ತೆಯ ಬಳೆ ಗಿರವಿ ಅಂಗಡಿಗೆ ಹೋದವು, ತಿರುಗಿ ಬರಲಿಲ್ಲ. ಮೊದಲ ತಿಂಗಳೇ ಆಟೋ ಓಡಿಸೋಕೆ ಹೋದ ಗೆಳೆಯನನ್ನು ನಾವೆಲ್ಲ ಹೇಡಿ ಅಂದೆವು. ಬಾಕಿ ಕೇಳೋಕೆ ಲೇಬರ್ ಆಫೀಸಿಗೆ ಅಲೆಯುವಾಗ ನನ್ನನ್ನು ಕರೆದುಕೊಂಡು ಹೋಗ್ತಿದ್ದದ್ದು ಅವನ ಆಟೋನೇ. ಬಾಡಿಗೆ ತಗೊಳ್ತಿರಲಿಲ್ಲ.

ಆ ಸಿನಿಮಾದಲ್ಲಿ ಲಾರ್ನ್ ಗ್ರೀನ್ ಸ್ವಲ್ಪವೇ ಹೊತ್ತು ಬರ್ತಾನಲ್ಲ, ಟೆಕ್ಸಾಸ್ ಪಡೆಯ ದಂಡನಾಯಕ ಸ್ಯಾಮ್ ಹೂಸ್ಟನ್ ಆಗಿ? ಅವನನ್ನು ಸರಿಯಾಗಿ ನೋಡು. ಜನವರಿಯಲ್ಲೇ ಬೋವಿಯನ್ನು ಅಲ್ಲಿಗೆ ಕಳಿಸಿದವನು ಅವನೇ. ಆ ಜಾಗ ಉಳಿಸಿಕೊಳ್ಳೋದು ಕಷ್ಟ, ಕಟ್ಟಿದ್ದನ್ನು ಕೆಡವಿ ತೋಪು ಸಾಗಿಸಬೇಕು ಅನ್ನೋದು ಅವನ ಯೋಚನೆ. ಬೋವಿ ಅಲ್ಲೇ ಉಳಿದ. ಅಲಮೋ ಬಿದ್ದ ಮೇಲೆ ಹೂಸ್ಟನ್ ವಾರಗಟ್ಟಲೆ ಹಿಂದೆ ಹಿಂದೆ ಸರಿದ. ಅವನ ಸಿಪಾಯಿಗಳೇ ಬಯ್ದರು. ಏಪ್ರಿಲ್ 21ರಂದು ಸ್ಯಾನ್ ಹಸಿಂಟೋದಲ್ಲಿ ತಿರುಗಿ ನಿಂತ. ಮುಖ್ಯ ಕಾಳಗ 18 ನಿಮಿಷದಲ್ಲಿ ಮುಗಿಯಿತು ಅಂತಾರೆ. ಸಾಂಟಾ ಆನಾ ಮಾರನೇ ದಿನ ಸೆರೆ ಸಿಕ್ಕ.

ಹೂಸ್ಟನ್ ದೇವರೇನಲ್ಲ. ಅವರೆಲ್ಲ ಬಾಯಿ ತುಂಬ ಹೇಳ್ತಿದ್ದ ಸ್ವಾತಂತ್ರ್ಯದ ಕಥೆಯೂ ಅಷ್ಟು ಸಲೀಸಲ್ಲ. ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಟೆಕ್ಸಾಸ್‌ಗೆ ಬಂದು ನೆಲೆಸಿದವರಲ್ಲಿ ಅನೇಕರಿಗೆ ಅದು ಬೇಡವಾಗಿತ್ತು. ಟ್ರಾವಿಸ್‌ನ ಗುಲಾಮ ಜೋ ಆ ಕೋಟೆಯಲ್ಲೇ ಇದ್ದ, ಬದುಕಿ ಉಳಿದ. ಟೆಕ್ಸಾಸ್ ಗೆದ್ದ ಮೇಲೂ ಅವನು ಟ್ರಾವಿಸ್‌ನ ಆಸ್ತಿ ಲೆಕ್ಕದಲ್ಲೇ ಇದ್ದ. 1837ರ ಏಪ್ರಿಲ್ 21ಕ್ಕೆ, ಸ್ಯಾನ್ ಹಸಿಂಟೋ ಕಾಳಗ ಮುಗಿದು ಸರಿಯಾಗಿ ಒಂದು ವರ್ಷಕ್ಕೆ, ತಪ್ಪಿಸಿಕೊಂಡು ಓಡಿಹೋದ. ಆ ದಿನವನ್ನೇ ಯಾಕೆ ಆರಿಸಿಕೊಂಡನೋ, ನನಗಂತೂ ಓದಿ ಮೈ ಜುಮ್ಮೆಂದಿತು. ಅವನನ್ನು ಹೇಡಿ ಅನ್ನೋಕೆ ಬಾಯಿ ಬರುತ್ತಾ ನಿನಗೆ?

ಹಾಗಂತ ನಾಳೆ ಬೆಳಗ್ಗೆ ರಾಜೀನಾಮೆ ಬಿಸಾಕಿ ಬರಬೇಡ. ನಿನ್ನದು ಎಚ್-1ಬಿ, ಅಮೆರಿಕದ ಕೆಲಸದ ವೀಸಾ, ಕೆಲಸ ನಿಂತರೆ ಅಲ್ಲಿ ಇರೋಕೆ ಸಿಗೋದು ಹೆಚ್ಚೆಂದರೆ 60 ದಿನ. ಇರುವಾಗಲೇ ಬೇರೆ ಕಡೆ ನೋಡು. ಸಂಬಳ ಬಾರದ ತಿಂಗಳ ಲೆಕ್ಕ, ಅವರು ಕಳಿಸಿದ ಮೇಲ್‌ಗಳು, ಎಲ್ಲದರ ಕಾಪಿ ಇಟ್ಟುಕೋ. ಅಲ್ಲಿನ ವೀಸಾ ವಕೀಲರ ಹತ್ತಿರ ಒಂದು ಸಲ ಕೂತು ಮಾತಾಡು. ಫೀಸು ನಾನು ಕಳಿಸ್ತೀನಿ, ಸಂಕೋಚ ಪಡಬೇಡ.

ಅಕ್ಕನಿಗೆ ನಾನಿನ್ನೂ ಏನೂ ಹೇಳಿಲ್ಲ. ಭಾನುವಾರ ಫೋನ್ ಮಾಡಿದಾಗ ನೀನೇ ಹೇಳಿಬಿಡು. ನಾನು ಪಕ್ಕದಲ್ಲೇ ಕೂತಿರ್ತೀನಿ.

ನಿನ್ನ ಮಾವ